300 ಕೋಟಿ ವರ್ಷದ ಬಂಡೆ, ಮೂರೂವರೆ ವರ್ಷದ ‘ಒಂದಕ್ಕೆ’

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಪ್ಲೇಹೋಮುಗಳ ವಾಟ್ಸಾಪ್ ಗ್ರೂಪಿಗೆ ಆ ಸರ್ಕ್ಯುಲರ್ ಬಂದು ಬೀಳುತ್ತದೆ. ಬೀಳುವುದು ಗುರುವಾರ ರಾತ್ರಿ ಒಂಬತ್ತೂವರೆಗೆ, ಹೊರಡುವುದು ಶನಿವಾರ ಬೆಳಿಗ್ಗೆ. ಲಾಲ್‌ಬಾಗಿಗೆ ಫೀಲ್ಡ್ ಟ್ರಿಪ್. ಹಳದಿ ಟೀ ಶರ್ಟ್ ಕಡ್ಡಾಯ. ಮಗುವಿನ ಜೊತೆ ತಾಯಿ ಬರತಕ್ಕದ್ದು. ಮಗುವಿಗೆ ಇಷ್ಟು, ತಾಯಿಗೆ ಇಷ್ಟು, ದುಡ್ಡು ಹಾಕಿ ಸ್ಕ್ರೀನ್‌ಶಾಟ್ ಕಳಿಸಿ. ಕೊನೆಯಲ್ಲಿ ಒಂದು ಗುಲಾಬಿ ಹೂವು.

ಪಿಕ್ನಿಕ್ ಅಂದಿದ್ದರೆ ಆಗುತ್ತಿರಲಿಲ್ಲವೇ ಅಂತ ಕೇಳಬೇಡಿ. ಪಿಕ್ನಿಕ್ಕಿಗೆ ಅಷ್ಟು ಫೀಸು ಕೇಳಲು ಬಾಯಿ ಬರುವುದಿಲ್ಲ. ಅಲ್ಲದೆ ಲಾಲ್‌ಬಾಗಿನಲ್ಲಿ ನಿಜವಾದ ಫೀಲ್ಡ್ ಟ್ರಿಪ್ಪಿಗೆ ಬೇಕಾದ್ದೆಲ್ಲ ಇದೆ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ಮುಂದೆ ಮಗುವನ್ನು ನಿಲ್ಲಿಸಿ, “ನೋಡು ಪುಟ್ಟ, ಎಷ್ಟು ಹಳೇದು!” ಅನ್ನಿ. ಮೊನ್ನೆ, ನಾಳೆ, ಹೋದ ವರ್ಷ ಮೂರೂ ಒಂದೇ ಆಗಿರುವ ಮೂರೂವರೆ ವರ್ಷದ ವಯಸ್ಸು ಮಗುವಿನದು. ನಾಲ್ಕು ಸೆಕೆಂಡು ನೋಡುತ್ತದೆ. ಐದನೇ ಸೆಕೆಂಡಿಗೆ ಬಂಡೆಯ ಬಿರುಕಿನಲ್ಲಿ ಇರುವೆ ಸಾಲು ಕಾಣುತ್ತದೆ. ಅಲ್ಲಿಗೆ ಭೂವಿಜ್ಞಾನ ಮುಗಿಯಿತು. ಕುಕ್ಕರಗಾಲಲ್ಲಿ ಕೂತ ಮಗು ಅಕ್ಕಿಕಾಳು ಹೊತ್ತ ಇರುವೆಯನ್ನು ಕಾಲು ಗಂಟೆ ನೋಡಬಲ್ಲದು, ಬಿಟ್ಟರೆ. ಬಿಡುವವರು ಯಾರು? 11 ಗಂಟೆಗೆ ಗಾಜಿನ ಮನೆ ಮುಂದೆ ಗ್ರೂಪ್ ಫೋಟೋ ಇದೆ. ನೂರಾ ಮೂವತ್ತಕ್ಕೂ ಹೆಚ್ಚು ವರ್ಷದಿಂದ ಅಲ್ಲೇ ನಿಂತಿರುವ ಕಟ್ಟಡ ಇನ್ನು ಹತ್ತು ನಿಮಿಷ ಕಾಯಲಾರದಂತೆ.

ಅಲ್ಲಿಗೆ ತಲುಪುವ ಬಸ್ಸಿನದೇ ಒಂದು ಪುರಾಣ. ಎಂಟಕ್ಕೆ ಹೊರಡುವ ಬಸ್ಸು ‘ಸೆಂಡ್ ಆಫ್’ ವಿಡಿಯೋ ಆಗದೆ ಹೊರಡುವುದಿಲ್ಲ, ಹಾಗಾಗಿ ಎಂಟೂ ಮುಕ್ಕಾಲು. ಬಸ್ಸಿನಲ್ಲಿ ವಾಂತಿ ಮಾಡುವ ಮಗುವಿಗೆ ಅಂದು ಬೆಳಿಗ್ಗೆ ಹಾಲು ಕೊಡಬಾರದು, ಹೊರಡುವ ಒಂದು ಗಂಟೆ ಮೊದಲು ಒಂದು ಸಾದಾ ಇಡ್ಲಿ ಸಾಕು, ಸಾಂಬಾರ್ ಬೇಡ. ಕೂರಿಸುವುದು ಮುಂದಿನ ಸಾಲುಗಳಲ್ಲಿ. ಹಿಂದಿನ ಚಕ್ರದ ಮೇಲಿನ ಸೀಟು ಪ್ರತಿ ರೋಡ್ ಹಂಪಿಗೂ ಎತ್ತಿ ಹಾಕುತ್ತದೆ. ಆದರೆ ಮುಂದಿನ ಸಾಲುಗಳು ಬ್ಯಾನರ್, ಸ್ಪೀಕರ್, ಬಿಸ್ಕತ್ತಿನ ಡಬ್ಬಗಳಿಗೆ ರಿಸರ್ವ್. ವಾಂತಿಗೆ ಅಂತ ತಂದ ಕವರಿಗೆ ಮೊದಲೇ ಊದಿ ನೋಡಿರಬೇಕು. ತಳದಲ್ಲಿ ತೂತಿದೆ ಅನ್ನುವ ಜ್ಞಾನೋದಯ ಮಿನರ್ವ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಆಗಬಾರದು.

ಇನ್ನು ತಲೆ ಎಣಿಕೆ. ನಲವತ್ತು ಮಕ್ಕಳು, ನಲವತ್ತು ತಾಯಂದಿರು, ನಾಲ್ಕು ಮಿಸ್ಸು, ಇಬ್ಬರು ಆಯಾ. ಇಷ್ಟು ಜನ ಇದ್ದ ಮೇಲೆ ಭಯವೇನು? ಭಯ ಇರುವುದೇ ಅಲ್ಲಿ. ತಾಯಂದಿರು ಇದ್ದಾರಲ್ಲ ಅಂತ ಮಿಸ್ಸು, ಮಿಸ್ಸು ಇದ್ದಾರಲ್ಲ ಅಂತ ತಾಯಂದಿರು. ಎಣಿಸುವವರು ಯಾರೂ ಇಲ್ಲ. ಎಣಿಸಿದರೂ ನಡೆಯುವ ಮಕ್ಕಳನ್ನು ಎಣಿಸುತ್ತಾರೆ, ಒಂದು ಸಲ 38, ಇನ್ನೊಂದು ಸಲ 43. ಹೆಸರು ಕೂಗಿದರೆ ಪಕ್ಕದ ಗೆಳೆಯನೇ ಉತ್ಸಾಹದಿಂದ “ಪ್ರೆಸೆಂಟ್ ಮಿಸ್” ಅನ್ನುತ್ತಾನೆ. ಹಳದಿ ಟೀ ಶರ್ಟು ಲೆಕ್ಕ ಹಾಕೋಣವೆಂದರೆ ಡಿಸೆಂಬರಿನ ಶನಿವಾರ ಲಾಲ್‌ಬಾಗಿಗೆ ಬರುವ ಅರ್ಧ ಶಾಲೆಗಳಿಗೂ ಅದೇ ಹಳದಿ ಹೊಳೆದಿರುತ್ತದೆ, ಇಡೀ ತೋಟ ಸಾಸಿವೆ ಹೊಲ. ಕೆಲಸಕ್ಕೆ ಬರುವುದು ಒಂದೇ ಲೆಕ್ಕ: ಮಕ್ಕಳನ್ನು ಕೂರಿಸಿ, ಒಬ್ಬರೇ, ತಲೆ ಮುಟ್ಟಿ ಎಣಿಸುವುದು. ಇಳಿದಾಗ, ಶೌಚಾಲಯದಿಂದ ಬಂದಾಗ, ಊಟಕ್ಕೆ ಮೊದಲು, ಬಸ್ಸಿನ ಇಂಜಿನ್ ಶುರುವಾಗುವ ಮೊದಲು. ನಡೆಸಲು ಹತ್ತು ಹನ್ನೆರಡು ಮಕ್ಕಳಿಗೊಂದರಂತೆ ಹತ್ತು ಮೀಟರ್ ನೂಲಿನ ಹಗ್ಗ ಸಾಕು. ಎರಡೆರಡು ಅಡಿಗೊಂದು ಕುಣಿಕೆ ಹಾಕಿ, ಮಕ್ಕಳನ್ನು ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ಹಿಡಿಸಿ, ಮುಂದೊಬ್ಬರು ಹಿಂದೊಬ್ಬರು ದೊಡ್ಡವರು. ಮೊದಲ ಅಳಿಲು ಕಾಣುವವರೆಗೆ ಕೆಲಸ ಮಾಡುತ್ತದೆ, ಆಮೇಲೆ ಮತ್ತೆ ಹಿಡಿಸಬೇಕು. ಎದೆ ಮೇಲೆ ದೊಡ್ಡಕ್ಷರದಲ್ಲಿ ಹೆಸರು ನೇತುಹಾಕುವುದಂತೂ ಬೇಡ. ದಾರಿಹೋಕರೂ “ಬಾರೋ ಆರವ್” ಅಂದರೆ ಮಗು ನಗುತ್ತಾ ಹೋಗುತ್ತದೆ. ಟೀ ಶರ್ಟಿನ ಒಳಮಡಿಕೆಯಲ್ಲಿ ಬಾಲ್‌ಪೆನ್ನಿನಿಂದ ಫೋನ್ ನಂಬರ್ ಬರೆದರೆ ಸಾಕು.

ಹಗ್ಗಕ್ಕೆ ನೂರಿನ್ನೂರು ರೂಪಾಯಿ ಆದೀತು. ಅದಿಲ್ಲ. ವಿಡಿಯೋಗೆ ಡ್ರೋನ್ ಇದೆ.

ಎಲ್ಲಕ್ಕಿಂತ ಮೆಚ್ಚಬೇಕಾದ್ದು ಆ ಒಪ್ಪಿಗೆ ಪತ್ರ. “ಪ್ರವಾಸದ ವೇಳೆ ಮಗುವಿಗೆ ಏನೇ ಆದರೂ ಶಾಲೆ ಜವಾಬ್ದಾರಿಯಲ್ಲ” ಅಂತ ಸಹಿ. ಆಹಾ, ಎಂಥ ದೂರದೃಷ್ಟಿ! ಸ್ಥಳ ಅವರೇ ಹೇಳಿದ್ದು, ಬಸ್ಸು ಅವರೇ ಗೊತ್ತು ಮಾಡಿದ್ದು, ದುಡ್ಡು ಅವರಿಗೇ ಹೋಗಿದ್ದು. ಕಾಯುವ ಕೆಲಸ ಮಾತ್ರ ತಾಯಿಯದು, ಅದಕ್ಕೂ ಆಕೆಯೇ ಟಿಕೆಟ್ ತೆಗೆದುಕೊಂಡಿದ್ದಾಳೆ. ಊಟಕ್ಕೆ ಕರೆದು ಬಡಿಸುವ ಕೆಲಸ ಹಚ್ಚಿ, ಹೋಗುವಾಗ ಎಲೆಗೆ ಬಾಡಿಗೆ ಕೇಳಿದ ಹಾಗೆ.

ಮತ್ತೆ ‘ತಾಯಿ’ಯೇ ಏಕೆ? ಅಪ್ಪ ಅನ್ನುವ ಪ್ರಾಣಿ ಫೀಸಿನ ರಸೀದಿಯಲ್ಲಿ ಮಾತ್ರ ಪೋಷಕ. ಎಲ್ಲೋ ಒಬ್ಬ ಅಪ್ಪ ರಜೆ ಹಾಕಿ ಬಂದನೆನ್ನಿ. ನಾಲ್ಕು ವರ್ಷದ ಮಗಳು “ಅಪ್ಪಾ, ಒಂದಕ್ಕೆ” ಅಂದಳು. ಈ ವಯಸ್ಸಿನಲ್ಲಿ ಎರಡು ಗಂಟೆಗೊಮ್ಮೆ ಅಂತೂ ಬರುತ್ತದೆ, ಬಂತು ಅಂದಮೇಲೆ ಎರಡು ನಿಮಿಷ ಟೈಮು. ಅವನು ಯಾವ ಬಾಗಿಲಿಗೆ ಹೋಗಬೇಕು? ಮಹಿಳೆಯರ ಕಡೆ ಹೋದರೆ ಹೊಡೆತ. ಪುರುಷರ ಕಡೆ ಹೋದರೆ ಗೋಡೆಗೆ ಮುಖ ಮಾಡಿ ನಿಂತವರ ಸಾಲಿನ ಹಿಂದಿನಿಂದ, ಮಗಳ ಕಣ್ಣು ಮುಚ್ಚಿ, ಹಸಿ ನೆಲದ ಮೇಲೆ ಎತ್ತಿಕೊಂಡು ಹೋಗಬೇಕು. ಒಳಗಿರುವ ಇಂಡಿಯನ್ ಕಮೋಡು ದೊಡ್ಡವರ ಅಳತೆಯದು, ಆಚೆ ಒಂದು ಈಚೆ ಒಂದು ಕಾಲಿಡಲು ಮಗುವಿಗೆ ಎಟುಕುವುದಿಲ್ಲ. ಕಂಕುಳಲ್ಲಿ ಕೈ ಕೊಟ್ಟು ತೂಗಿ ಹಿಡಿಯಬೇಕು, ಬಾಗಿಲಿಗೆ ಚಿಲಕವಿಲ್ಲ, ಅದನ್ನು ಕಾಲಲ್ಲಿ ಒತ್ತಿರಬೇಕು. ತಮಾಷೆ ಸಾಕು. ಕೋಟಿಗೂ ಮೀರಿ ಜನ ಇರುವ ಊರು ಇದು. ಸುರಂಗ ರಸ್ತೆಯ ಮಾತು ಬಂದರೆ ಸಾವಿರಾರು ಕೋಟಿ ಅನ್ನುತ್ತೇವೆ. ಅಪ್ಪನೋ ಅಮ್ಮನೋ ಮಗುವನ್ನು ಕರೆದುಕೊಂಡು ಹೋಗಬಹುದಾದ ಒಂದು ಬಾಗಿಲು, ಒಂದು ಚಿಲಕ, ಮಗುವಿನ ಮೊಣಕಾಲೆತ್ತರದ ಒಂದು ಕಮೋಡು, ಇಷ್ಟನ್ನು ಕೊಡಲು ನಮಗೆ ಆಗಿಲ್ಲ. ಕೇಳಿ ಕೇಳಿ ಸುಸ್ತಾಗಿದೆ.

ಹಾಗೆ ನೋಡಿದರೆ ಈ ವಯಸ್ಸಿಗೆ ಲಾಲ್‌ಬಾಗೂ ಬೇಡ. ಶಾಲೆಯ ಬೀದಿಯ ತುದಿಯಲ್ಲಿ ಒಂದು ಹಿಟ್ಟಿನ ಗಿರಣಿ ಇರುತ್ತದೆ. ಎಂಟೆಂಟು ಮಕ್ಕಳನ್ನು ನಡೆಸಿಕೊಂಡು ಹೋಗಿ, ಹಾಪರಿಗೆ ಗೋಧಿ ಸುರಿಯುವುದನ್ನು ದೂರದಿಂದ ತೋರಿಸಿ, ಬೆಲ್ಟಿನ ಹತ್ತಿರ ಬಿಡದೆ, ಕೆಳಗೆ ಡಬ್ಬಕ್ಕೆ ಬಿದ್ದ ಹಿಟ್ಟನ್ನು ಒಂದೊಂದು ಚಿಟಿಕೆ ಅಂಗೈಗೆ ಹಾಕಿಸಿ. ಬಿಸಿ! ಹಿಟ್ಟು ಬಿಸಿಯಾಗಿರುತ್ತದೆ ಅನ್ನುವುದು ಮಗುವಿಗೆ ಆ ವಾರದ ದೊಡ್ಡ ಸುದ್ದಿ. ಅರ್ಧ ಗಂಟೆಯಲ್ಲಿ ವಾಪಸ್, ಒಂದಕ್ಕೆ ಶಾಲೆಯಲ್ಲೇ. ಆದರೆ ಗಿರಣಿಯ ಮುಂದೆ ಡ್ರೋನ್ ಹಾರಿಸಿದರೆ ಕೇಬಲ್ ವೈರಿಗೆ ಸಿಕ್ಕಿಕೊಳ್ಳುತ್ತದೆ.

ಭಾನುವಾರ ಶಾಲೆಯ ಪೇಜಿನಲ್ಲಿ ರೀಲ್ ಬರುತ್ತದೆ, ಮೂವತ್ತು ಸೆಕೆಂಡು, ‘ಪುಟಾಣಿ ವಿಜ್ಞಾನಿಗಳು’. ಅಜ್ಜಿ ಕೇಳುತ್ತಾರೆ, “ಏನೇನು ನೋಡಿದೆ ಕಂದ?” “ಬಸ್ಸು” ಅನ್ನುತ್ತದೆ ಮಗು. ಸ್ವಲ್ಪ ಯೋಚಿಸಿ, “ಅದ್ವೈತ್ ವಾಂತಿ ಮಾಡ್ದ.”

ಅದೇ ರಾತ್ರಿ ಒಂಬತ್ತೂವರೆಗೆ ಫೋನು ಟಿಣ್ ಅನ್ನುತ್ತದೆ. ಲಾಲ್‌ಬಾಗಿನಲ್ಲಿ ಸಂಗ್ರಹಿಸಿದ 5 ಬಗೆಯ ಎಲೆಗಳನ್ನು ಚಾರ್ಟಿಗೆ ಅಂಟಿಸಿ ನಾಳೆ ಕಳಿಸಿ. ಮಗುವೇ ಸ್ವತಃ ಮಾಡಿರಬೇಕು. ಗುಲಾಬಿ ಹೂವು. ಲಾಲ್‌ಬಾಗಿನಲ್ಲಿ ಎಲೆ ಕೀಳುವಂತಿಲ್ಲ ಅನ್ನುವ ಬೋರ್ಡನ್ನು ಮಿಸ್ಸೇ ಓದಿ ಹೇಳಿದ್ದರು. ಮಗು ಮಲಗಿ ಒಂದು ಗಂಟೆಯಾಗಿದೆ. ತಾಯಿ ಮೊಬೈಲಿನ ಟಾರ್ಚ್ ಹಿಡಿದು ಪಕ್ಕದ ಮನೆಯ ಕಾಂಪೌಂಡಿನಾಚೆ ಕೈ ಚಾಚಿದ್ದಾಳೆ. ದಾಸವಾಳ ಸಿಕ್ಕಿತು, ಕರಿಬೇವು ಸಿಕ್ಕಿತು, ಇನ್ನು ಮೂರು ಬೇಕು. ನಾಯಿ ಬೊಗಳುತ್ತಿದೆ.