ಕೂಸು ಹುಟ್ಟೋ ಮೊದ್ಲೇ ಕುಲಾವಿ

ಫುಟ್‌ಬಾಲ್ ವಿಶ್ವಕಪ್ ಶುರುವಾಗೋದು 2026ರ ಜೂನ್ 11ಕ್ಕೆ ಅಂತ ಎಲ್ರೂ ಹೇಳ್ತಾರೆ, ನನ್ನ ಪಾಲಿಗೆ ಅದು 2025ರ ಡಿಸೆಂಬರ್‌ನಲ್ಲಿ ಡ್ರಾ ಆದ, ಅಂದ್ರೆ ಯಾವ ಟೀಮ್ ಯಾವ ಗ್ರೂಪು ಅಂತ ಚೀಟಿ ಎತ್ತಿದ ರಾತ್ರಿನೇ ಶುರುವಾಗಿ ಹೋಯ್ತು. ಅವತ್ತೇ ಒಂದು ದೊಡ್ಡ ಡ್ರಾಯಿಂಗ್ ಶೀಟ್ ಟೇಬಲ್ ಮೇಲೆ ಹಾಸಿ, ಸ್ಕೇಲಿಟ್ಟು ಗೆರೆ ಎಳ್ದು, 12 ಗ್ರೂಪು, ಗ್ರೂಪಿಗೆ ನಾಲ್ಕು ಟೀಮು, ಕೊನೇ ಅರ್ಹತಾ ಪಂದ್ಯ (ಪ್ಲೇಆಫ್) ಗೆದ್ದು ಬರೋರಿಗೆ ಅಂತ ಆರು ಮನೆ ಖಾಲಿ ಬಿಟ್ಟು, ಫೈನಲ್‌ವರೆಗೂ ಪೆನ್ಸಿಲ್‌ನಲ್ಲಿ ತುಂಬಿಸಿಬಿಟ್ಟೆ. ಇನ್ನೂ ಯಾವ ಕೋಚೂ ಟೀಮ್ ಅನೌನ್ಸ್ ಮಾಡಿರ್ಲಿಲ್ಲ, ನನ್ನ ಚಾರ್ಟ್‌ನಲ್ಲಿ ಆಗ್ಲೇ ಸೆಮಿಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್ ನಡೀತಿತ್ತು.

ಪೆನ್ ಯಾಕಲ್ಲ ಅಂದ್ರೆ, 2002ರಲ್ಲಿ ಪೆನ್ನಲ್ಲಿ ಬರೆದು ಕೆಟ್ಟಿದ್ದೀನಿ. ಫ್ರಾನ್ಸ್ ಹಾಲಿ ಚಾಂಪಿಯನ್, ಅವರ ಸ್ಟ್ರೈಕರ್‌ಗಳಾದ ಆನ್ರಿ, ಟ್ರೆಜೆಗೆ, ಸಿಸೆ ಮೂವರೂ ಅವರವರು ಆಡ್ತಿದ್ದ ಲೀಗ್‌ಗಳಲ್ಲಿ ಆ ವರ್ಷ ಗೋಲು ಹೊಡೆಯೋದ್ರಲ್ಲಿ ಮೊದಲ ಸ್ಥಾನದಲ್ಲಿದ್ದೋರು, ಇನ್ನೇನು ಬೇಕು ಅಂತ ಫೈನಲ್ ಬಾಕ್ಸಲ್ಲಿ ನೀಲಿ ಇಂಕಲ್ಲೇ ಫ್ರಾನ್ಸ್ ಅಂತ ಬರೆದಿದ್ದೆ. ಮೊದಲ ಮ್ಯಾಚಲ್ಲೇ ಸೆನೆಗಲ್ ಕೈಲಿ 1-0 ಸೋತ್ರು, ಮೂರು ಮ್ಯಾಚಲ್ಲಿ ಒಂದೇ ಒಂದು ಗೋಲೂ ಹೊಡೀದೆ ಮನೆಗೆ ಹೋದ್ರು. ಆ ನೀಲಿ ಅಕ್ಷರ ಮಾತ್ರ ಟೂರ್ನಿ ಮುಗಿಯೋವರೆಗೂ ಗೋಡೆ ಮೇಲಿಂದ ನನ್ನನ್ನೇ ನೋಡ್ತಾ ಇತ್ತು.

ಈ ಸಲದ ಚಾರ್ಟ್ ತುಂಬೋದಂತೂ ಅಷ್ಟು ಸುಲಭ ಅಲ್ಲ ಸ್ವಾಮಿ. 32 ಟೀಮ್ ಇದ್ದಾಗ ಗ್ರೂಪಿಂದ ಇಬ್ರು ಮೇಲಕ್ಕೆ, ಇಬ್ರು ಮನೆಗೆ, ಲೆಕ್ಕ ಮುಗೀತು. ಈಗ 48 ಟೀಮು, 104 ಮ್ಯಾಚು, ಪ್ರತಿ ಗ್ರೂಪಿಂದ ಮೊದಲ ಇಬ್ರ ಜೊತೆಗೆ ಮೂರನೇ ಸ್ಥಾನದ 12 ಟೀಮಲ್ಲಿ 8 ಟೀಮ್ ಕೂಡ ಮುಂದಕ್ಕೆ ಹೋಗ್ತವೆ. ಯಾವ ಎಂಟು ಅನ್ನೋದಕ್ಕೆ 495 ಸಾಧ್ಯತೆಗಳಿವೆ, ಅಷ್ಟಕ್ಕೂ ಯಾರ ಎದುರಿಗೆ ಯಾರು ಅಂತ ಫಿಫಾದೋರು ಮೊದ್ಲೇ ಪಟ್ಟಿ ಮಾಡಿಟ್ಟಿದ್ದಾರೆ. ಆ ಪಟ್ಟೀನ ರಾತ್ರಿ ಒಂದು ಗಂಟೆಗೆ ಬೆರಳಿಟ್ಕೊಂಡು ಸಾಲು ಸಾಲಾಗಿ ಓದ್ತಾ ಕೂತಿದ್ದೆ, ನೀರು ಕುಡಿಯೋಕೆ ಎದ್ದು ಬಂದ ಹೆಂಡ್ತಿ ನೋಡಿ 'ಇಷ್ಟು ಶ್ರದ್ಧೆಯಿಂದ ಓದಿದ್ದಿದ್ರೆ ಪಿಯುಸಿನಲ್ಲಿ ಮ್ಯಾಥ್ಸ್ ಪಾಸಾಗ್ತಿದ್ರಿ' ಅಂದ್ಲು. ನಿಜಾನೇ, ಆದ್ರೆ ಪಿಯುಸಿ ಸಿಲೆಬಸ್‌ನಲ್ಲಿ ಕುರಸಾವ್ ಇರ್ಲಿಲ್ವಲ್ಲ.

ಕುರಸಾವ್ ಅಂದ್ರೆ ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪ, ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ, ವಿಶ್ವಕಪ್‌ಗೆ ಬಂದಿರೋ ದೇಶಗಳಲ್ಲೇ ಅತಿ ಚಿಕ್ಕದು. ಮೊದಲ ಮ್ಯಾಚೇ ಜರ್ಮನಿ ಮೇಲೆ. ಚಾರ್ಟಲ್ಲಿ ಜರ್ಮನಿ ಅಂತ ಬರೆಯೋಕೆ ಕೈ ಹೋಯ್ತು, ಮನಸ್ಸು ಬರ್ಲಿಲ್ಲ, 1-1 ಅಂತ ಬರೆದು ಸುಮ್ನಾದೆ. ಚೆಂಡು ಉರುಳೋ ತನಕ ಅದು ಸುಳ್ಳು ಅಂತ ಯಾರೂ ಹೇಳೋ ಹಾಗಿಲ್ಲ ತಾನೇ.

ಸ್ಕಾಟ್ಲೆಂಡ್ ಅಭಿಮಾನಿಗಳ ಕಥೆ ಇನ್ನೂ ಮಜಾ. 1998ರ ನಂತರ ಈಗ್ಲೇ ಅವರು ಬರ್ತಿರೋದು, ಅದಕ್ಕೂ ಮುಂಚೆ ಎಂಟು ಸಲ ಬಂದು ಎಂಟೂ ಸಲ ಮೊದಲ ಸುತ್ತಲ್ಲೇ ಗಂಟುಮೂಟೆ ಕಟ್ಟಿದೋರು. 1998ರಲ್ಲಿ ಅವರ ಗ್ರೂಪಲ್ಲಿ ಬ್ರೆಜಿಲ್, ಮೊರಾಕ್ಕೊ ಇದ್ವು. 28 ವರ್ಷ ಕಾದು ಬಂದ್ರೆ ಈ ಸಲದ ಗ್ರೂಪಲ್ಲಿ ಯಾರು? ಮತ್ತೆ ಬ್ರೆಜಿಲ್, ಮತ್ತೆ ಮೊರಾಕ್ಕೊ! ಹಣೆಬರಹ ಅಂದ್ರೆ ಇದಪ್ಪ. ಆದ್ರೂ ಅವರ ಉತ್ಸಾಹ ನೋಡ್ಬೇಕು, ಕಪ್ ಗೆದ್ದು ರೂಢಿ ಇರೋರಿಗೆ ಅದು ಬರಲ್ಲ, ಬ್ರೆಜಿಲ್‌ನೋರು 2002ರಿಂದ ಗೆದ್ದಿಲ್ಲ ಅಂತ ಮುಖ ಗಂಟಿಕ್ಕಿಕೊಂಡೇ ಬರ್ತಾರೆ.

ಇನ್ನೊಂದು ವಿಷ್ಯ, ಕಪ್ ಹತ್ರ ಬರ್ತಿದ್ದಂಗೆ ನಾವೆಲ್ಲ ಡಾಕ್ಟರಾಗ್ತೀವಿ. ಯಾರೋ ಒಬ್ಬ ಸ್ಟ್ರೈಕರ್ ಟ್ರೇನಿಂಗಲ್ಲಿ ತೊಡೆ ಹಿಡ್ಕೊಂಡ ಅಂತ ನ್ಯೂಸ್ ಬಂದ್ರೆ ಸಾಕು, ಹ್ಯಾಮ್‌ಸ್ಟ್ರಿಂಗಾ, ಗ್ರೇಡ್ ಒಂದಾ ಎರಡಾ, ಮೂರು ವಾರ ಬೇಕಾ ಆರು ವಾರಾನಾ ಅಂತ ಚರ್ಚೆ. ಸ್ವಂತ ಮಂಡಿನೋವಿಗೆ ವರ್ಷದಿಂದ ಆಸ್ಪತ್ರೆ ಕಡೆ ತಲೆ ಹಾಕದ ನನ್ನ ಫ್ರೆಂಡ್ ಒಬ್ಬ ಇನ್ಯಾರದೋ ಮಂಡಿಯ ಎಂಆರ್‌ಐ ರಿಪೋರ್ಟ್‌ಗೆ ಕಾದು ಕೂತಿರ್ತಾನೆ. 2002ರಲ್ಲಿ ಇಂಗ್ಲೆಂಡ್ ಕ್ಯಾಪ್ಟನ್ ಬೆಕ್‌ಹ್ಯಾಮ್ ಪಾದದ ಮೂಳೆ ಮುರ್ಕೊಂಡಾಗ ಅಲ್ಲಿನ ಒಂದು ಪತ್ರಿಕೆ ಪಾದದ ಫೋಟೋನ ಮುಖಪುಟಕ್ಕೇ ಹಾಕಿ, ಎಲ್ರೂ ಇದರ ಮೇಲೆ ಕೈಯಿಟ್ಟು ಬೇಡ್ಕೊಳ್ಳಿ ಅಂದಿತ್ತು. ನಗಬೇಡಿ, ಅವನು ಟೂರ್ನಿ ಆಡ್ದ.

ಹಳೇ ಜರ್ಸಿನೂ ತೆಗೆದು ನೋಡ್ದೆ, ತಲೆ ತೂರಿತು, ಹೊಟ್ಟೆ ಹತ್ರ ಆಫ್‌ಸೈಡ್ ಆಯ್ತು, ವಾಪಸ್ ಮಡಚಿಟ್ಟೆ.

ಈ ಸಲದ ಮೊದಲ ಮ್ಯಾಚ್ ಮೆಕ್ಸಿಕೊ ಸಿಟಿಯ ಅಜ್ಟೆಕಾ ಸ್ಟೇಡಿಯಮ್ಮಲ್ಲಿ, ಮೆಕ್ಸಿಕೊ ಮತ್ತೆ ದಕ್ಷಿಣ ಆಫ್ರಿಕಾ. ತಮಾಷೆ ಅಂದ್ರೆ 2010ರಲ್ಲೂ ಇದೇ ಜೂನ್ 11ಕ್ಕೆ ಇದೇ ಎರಡು ಟೀಮ್ ಉದ್ಘಾಟನಾ ಪಂದ್ಯ ಆಡಿದ್ವು, ವುವುಜೆಲಾ ಅನ್ನೋ ಪ್ಲಾಸ್ಟಿಕ್ ತುತ್ತೂರಿ ಕಿವಿ ತೂತು ಮಾಡ್ತಿರ್ಬೇಕಾದ್ರೆ ದಕ್ಷಿಣ ಆಫ್ರಿಕಾದ ಶಬಲಾಲಾ ಎಡಗಾಲಲ್ಲಿ ಹೊಡೆದ ಗೋಲು ಮೇಲ್ಮೂಲೆಗೆ ಹೋಗಿ ಬಿತ್ತು, ಕೊನೆಗೆ 1-1. ಹಂಗಾಗಿ ಚಾರ್ಟಲ್ಲಿ ಅದೇ ಸ್ಕೋರ್ ಬರೆದೆ, ಅಳಿಸಿ 2-1 ಮಾಡ್ದೆ, ಮತ್ತೆ 1-1 ಮಾಡ್ದೆ.

ಫೈನಲ್ ಬಾಕ್ಸ್ ಕಥೆ ಕೇಳ್ಬೇಡಿ. ಅರ್ಜೆಂಟೀನಾ ಬರೆದು ಅಳಿಸಿ, ಸ್ಪೇನ್ ಬರೆದು ಅಳಿಸಿ, ಯಾರದೋ ಕಾಲುನೋವಿನ ಸುದ್ದಿ ಬಂದಾಗ ಒಂದ್ಸಲ, ವಾಸಿಯಾದ ಸುದ್ದಿ ಬಂದಾಗ ಇನ್ನೊಂದ್ಸಲ ಅಂತ ಉಜ್ಜಿ ಉಜ್ಜಿ ನಿನ್ನೆ ಆ ಜಾಗದಲ್ಲಿ ಪೇಪರ್ ತೂತೇ ಬಿತ್ತು. ಈಗ ಕಪ್ ಯಾರು ಗೆದ್ರೂ ಅವರ ಹೆಸರನ್ನ ತೂತಿನ ಕೆಳಗಿರೋ ಟೇಬಲ್ ಮೇಲೇ ಬರೀಬೇಕು, ಹೆಂಡ್ತಿಗೆ ಇನ್ನೂ ಹೇಳಿಲ್ಲ.