‘ಸಸ್ಯಾಹಾರಿಗಳಿಗೆ ಮಾತ್ರ’: ಗೇಟಿನ ಬೋರ್ಡ್ ಸರಿಯಾ?

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಮನೆ ಹುಡುಕಿದವರಿಗೆ ಈ ಬೋರ್ಡ್ ಗೊತ್ತು. ಗೇಟಿಗೆ ತಂತಿಯಲ್ಲಿ ಕಟ್ಟಿದ ರಟ್ಟು. ಮೇಲೆ ‘ಮನೆ ಬಾಡಿಗೆಗಿದೆ’, ಕೆಳಗೆ ‘ಸಸ್ಯಾಹಾರಿಗಳಿಗೆ ಮಾತ್ರ’. ನಾನು ಈ ಗೇಟಿನ ಒಳಗೂ ನಿಂತಿದ್ದೇನೆ, ಹೊರಗೂ ನಿಂತಿದ್ದೇನೆ. ಹಾಗಾಗಿ ಎರಡೂ ಕಡೆಯ ಮಾತು ಬರೆಯುತ್ತಿದ್ದೇನೆ.

ಪರ

ಬಸವನಗುಡಿಯಲ್ಲಿ ನಮ್ಮದು ಮೂವತ್ತು ನಲವತ್ತರ ಸೈಟು. ಕೆಳಗೆ ನಾವು, ಮೇಲೆ ಬಾಡಿಗೆಯವರು. ಸಂಪು ಒಂದೇ, ಮೆಟ್ಟಿಲು ಒಂದೇ. ಮೇಲಿನ ಅಡುಗೆಮನೆಯ ಕಿಟಕಿ ತೆರೆಯುವುದು ಪಕ್ಕದ ಓಣಿಗೆ. ನಮ್ಮ ದೇವರಮನೆ ಕಿಟಕಿಯೂ ಅದೇ ಓಣಿಗೆ. ಮೀನಿನ ವಾಸನೆ ಬಂದರೆ ಅಮ್ಮನಿಗೆ ಊಟ ಸೇರುವುದಿಲ್ಲ. ಇದರಲ್ಲಿ ಯಾರ ಮೇಲಿನ ದ್ವೇಷವೂ ಇಲ್ಲ. ಎಪ್ಪತ್ತು ವರ್ಷದ ಅಭ್ಯಾಸ ಅದು. ಇಳಿವಯಸ್ಸಿನಲ್ಲಿ ಸ್ವಂತ ಮನೆಯಲ್ಲಿ ನೆಮ್ಮದಿ ಬಯಸುವುದು ತಪ್ಪಾ? ಎಷ್ಟೋ ಮನೆಗಳಲ್ಲಿ ಆ ಬಾಡಿಗೆಯೇ ಪಿಂಚಣಿ. ಬಾಡಿಗೆಗೆ ಬಂದವರ ಜೊತೆ ಹೊಂದಿಕೆ ಆಗದಿದ್ದರೆ ದಿನವೂ ಮೆಟ್ಟಿಲ ಮೇಲೆ ಮುಖ ತಿರುಗಿಸಿಕೊಂಡು ಓಡಾಡಬೇಕು.

ತಮ್ಮವರ ಹತ್ತಿರ ಮನೆ ಮಾಡುವುದು ಈ ಊರಿಗೆ ಹೊಸದೂ ಅಲ್ಲ. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ ಅಂತ ಹೆಸರುಗಳೇ ಹೇಳುತ್ತವೆ. 1898ರ ಪ್ಲೇಗಿನ ನಂತರ ಜನ ಪೇಟೆ ಬಿಟ್ಟು ಬಂದು ಬಸವನಗುಡಿ, ಮಲ್ಲೇಶ್ವರ ತುಂಬಿಕೊಂಡವು. ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಫ್ರೇಜರ್ ಟೌನ್ ಎದ್ದಿತು. ಒಂದೊಂದಕ್ಕೂ ಒಂದೊಂದು ಗುಣ ಬಂತು. ಗಾಂಧಿ ಬಜಾರಿನ ಹೂವಿನ ಸಾಲು ಬೇರೆ, ಫ್ರೇಜರ್ ಟೌನಿನ ಮಾಸ್ಕ್ (ಮಸೀದಿ) ರೋಡಿನ ರಂಜಾನ್ ರಾತ್ರಿ ಬೇರೆ. ಎಲ್ಲವನ್ನೂ ಕಲಸಿಬಿಟ್ಟರೆ ಎಲ್ಲ ಬಡಾವಣೆಯೂ ಒಂದೇ ಥರ ಆಗುತ್ತದೆ ಎನ್ನುವ ಭಯ ನನಗೂ ಇದೆ.

ಕಾನೂನೂ ಈ ಕಡೆಗೆ ಸ್ವಲ್ಪ ವಾಲಿದೆ. ಅಹಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘ ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂದು ಬೈಲಾ ಮಾಡಿಕೊಂಡಿತ್ತು. 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ವಿರೋಧ

ಕೆಲಸ ಸಿಕ್ಕಿದ ಹೊಸದರಲ್ಲಿ ಗೆಳೆಯನೊಬ್ಬನ ಜೊತೆ ಮನೆ ಹುಡುಕುತ್ತಿದ್ದೆ. ಅವನು ಚಿತ್ರದುರ್ಗದ ಕಡೆಯವನು, ಮುಸ್ಲಿಂ. ಒಂದು ಕಡೆ ಇದೇ ಬೋರ್ಡ್ ಇತ್ತು. ಓನರ್ ಒಳಗೆ ಕರೆದು ಕಾಫಿ ಕೊಟ್ಟರು. ಹತ್ತು ತಿಂಗಳ ಅಡ್ವಾನ್ಸು ಎಂದರು, ಒಪ್ಪಿದೆವು. ಮನೆಯಲ್ಲಿ ಮಾಂಸ ಬೇಯಿಸಲ್ಲ, ಮೊಟ್ಟೆಯನ್ನೂ ತರಲ್ಲ ಎಂದು ಅವನೇ ಮಾತು ಕೊಟ್ಟ. ಓನರ್ ನಕ್ಕರು. ಆಮೇಲೆ ಅಗ್ರಿಮೆಂಟಿಗೆ ಹೆಸರು ಕೇಳಿದರು. ಅವನು ಹೆಸರು ಹೇಳಿದ. ಅವರ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಗೇ ಮುಚ್ಚಿಕೊಂಡಿತು. “ಮಗನ್ನ ಒಂದ್ಮಾತು ಕೇಳಿ ಫೋನ್ ಮಾಡ್ತೀನಪ್ಪಾ” ಎಂದರು. ಫೋನ್ ಬರಲಿಲ್ಲ. ಮುಂದಿನ ವಾರ ಅದೇ ದಾರಿಯಲ್ಲಿ ಹೋದಾಗ ಬೋರ್ಡ್ ಇನ್ನೂ ಗೇಟಿನಲ್ಲೇ ಇತ್ತು.

ಈ ಬೋರ್ಡಿನ ನಿಜವಾದ ತೊಂದರೆ ನನಗೆ ಅವತ್ತು ಅರ್ಥ ಆಯಿತು. ಅಮ್ಮನಿಗೆ ಆಗದಿರುವುದು ವಾಸನೆ. ಇಲ್ಲಿ ವಾಸನೆಯ ಪ್ರಶ್ನೆ ಮುಗಿದಿತ್ತು. ‘ನೀವು ಯಾವ ಜನ?’ ಎಂದು ಕೇಳಲು ಸಂಕೋಚ ಆದವರಿಗೆ ಊಟದ ಮಾತು ಒಂದು ಮುಸುಕಾಗಿ ಸಿಕ್ಕಿದೆ, ಅಷ್ಟೇ.

ಒಂದು ಮನೆಯ ಲೆಕ್ಕ ಬೇರೆ, ಇಡೀ ಬೀದಿಯ ಲೆಕ್ಕ ಬೇರೆ. 2014ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐವರಲ್ಲಿ ಸುಮಾರು ನಾಲ್ವರು ಮಾಂಸಾಹಾರಿಗಳು. ಪ್ರತಿ ಗೇಟಿನಲ್ಲೂ ಈ ಸಾಲು ಬಂದರೆ ಅಷ್ಟು ಜನ ಎಲ್ಲಿಗೆ ಹೋಗಬೇಕು? ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಬಾಗಿಲನ್ನು ಎಲ್ಲರಿಗೂ ತೆರೆಸಿತು. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಕಾನೂನು ತಡೆಯುವುದಿಲ್ಲ ಎಂದ ಮಾತ್ರಕ್ಕೆ ಮಾಡಿದ್ದು ನ್ಯಾಯ ಆಗಿಬಿಡುತ್ತಾ?

ಬಡಾವಣೆಯ ಗುಣದ ಬಗ್ಗೆ ಮೇಲೆ ನಾನೇ ಬರೆದದ್ದನ್ನು ಇನ್ನೊಮ್ಮೆ ನೋಡಿದೆ. ಅದು ಅರ್ಧ ಸತ್ಯ. ತಿಗಳರಪೇಟೆಯ ಕರಗ ಮಸ್ತಾನ್ ಸಾಬ್ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುತ್ತದೆ. ಬಸವನಗುಡಿಯ ಪರಿಷೆಗೆ ಕಡಲೆಕಾಯಿ ಬರುವುದು ಹೊರಗಿನ ರೈತರ ಮೂಟೆಗಳಲ್ಲಿ. ಶಿವಾಜಿನಗರದ ಸೇಂಟ್ ಮೇರಿ ಹಬ್ಬದಲ್ಲಿ ಮೇಣದಬತ್ತಿ ಹಚ್ಚುವವರಲ್ಲಿ ಹಿಂದೂಗಳೂ ಇರುತ್ತಾರೆ. ಈ ಬಡಾವಣೆಗಳಿಗೆ ಗುಣ ಬಂದದ್ದು ಬಾಗಿಲು ಹಾಕಿಕೊಂಡಿದ್ದರಿಂದ ಅಲ್ಲ.

ನಮ್ಮ ಮೇಲಿನ ಮನೆ ಎರಡು ವರ್ಷದ ಹಿಂದೆ ಖಾಲಿ ಆಯಿತು. ಈ ಸಲ ರಟ್ಟಿನ ಮೇಲೆ ಆ ಸಾಲು ಬರೆಯುವುದು ಬೇಡ ಎಂದೆ. ಅಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ, “ಹಾಗಾದ್ರೆ ಮೊದಲು ಮೇಲೆ ಒಂದು ಫ್ಯಾನ್ ಹಾಕ್ಸು” ಎಂದರು. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಪೈಪನ್ನು ರಸ್ತೆ ಕಡೆಗೆ ಬಿಡಿಸಿದೆವು. ಬಂದವರು ಕುಂದಾಪುರದ ಕಡೆಯವರು. ಮೀನು ಮಾಡುವ ದಿನ ಓಣಿ ಕಡೆಯ ಕಿಟಕಿ ಮುಚ್ಚಿ ಎಂದು ಅಮ್ಮ ಕೇಳಿಕೊಂಡಿದ್ದಾರೆ. ಅವರು ಮುಚ್ಚುತ್ತಾರೆ. ಮರೆತ ದಿನ ಅಮ್ಮನೇ ಕೆಳಗಿನಿಂದ ಕೂಗುತ್ತಾರೆ, “ಏನಮ್ಮಾ, ಇವತ್ತು ಮೀನಾ? ಕಿಟಕಿ!”