ನಮ್ಮ ಮನೆಯ ನೀಲಿ ಪುಸ್ತಕಗಳು

ನಮ್ಮ ಮನೆಯಲ್ಲಿ ಇರುವವರು ಮೂರೇ ಜನ. ಆದರೆ ನೀಲಿ ರಟ್ಟಿನ ಪುಸ್ತಕಗಳು ಒಂಬತ್ತಿವೆ. ನನ್ನದು, ಹೆಂಡತಿಯದು, ಮಗಳದು ಅಂತ ಮೂರು ಅಮೆರಿಕನ್ ಪಾಸ್‌ಪೋರ್ಟು. ಮೂರು ಒಸಿಐ ಪುಸ್ತಕ, ಅಂದರೆ ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಜೀವನಪೂರ್ತಿ ವೀಸಾ. ನಾವಿಬ್ಬರೂ ಇಲ್ಲಿಯ ಪ್ರಜೆಗಳಾದಾಗ ರದ್ದಾಗಿ, ಮೂಲೆ ಕತ್ತರಿಸಿಕೊಂಡು ವಾಪಸು ಬಂದ ಎರಡು ಭಾರತದ ಪಾಸ್‌ಪೋರ್ಟು. ಜೊತೆಗೆ ಮಗಳ ಹಳೇ ಪಾಸ್‌ಪೋರ್ಟು ಒಂದು. ಅದರಲ್ಲಿ ಒಸಿಐ ಜೊತೆ ಕೊಡುವ ‘ಯು ವೀಸಾ’ ಅನ್ನುವ ಚೀಟಿ ಅಂಟಿಸಿದ್ದರು. ಆ ಒಂದು ಚೀಟಿಗಾಗಿ, ಅವಧಿ ಮುಗಿದ ಪುಸ್ತಕವನ್ನು ಎಷ್ಟೋ ವರ್ಷ ಹೊತ್ತು ತಿರುಗಿದ್ದೇವೆ. ಈಗ ಆ ನಿಯಮ ಇಲ್ಲ. ಆದರೂ ಬಿಸಾಡಲು ಧೈರ್ಯ ಬಂದಿಲ್ಲ. ನಾಳೆ ಬೇಕು ಅಂದರೆ?

ಎಲ್ಲವೂ ನೀಲಿ. ಕೆಲವದರ ಮೇಲೆ ಹದ್ದು, ಕೆಲವದರ ಮೇಲೆ ಸಿಂಹ. ಬೆಳಗಿನ ಜಾವ ನಾಲ್ಕು ಗಂಟೆಗೆ, ಕನ್ನಡಕ ಇಲ್ಲದೆ, ಸಿಂಹ ಕಂಡರೆ ಸಾಕು ಅಂತ ಬ್ಯಾಗಿಗೆ ತುಂಬಿಕೊಂಡವನು ನಾನು.

ಅಣ್ಣನ ಮಗಳ ಮದುವೆಗೆ ಭಾರತಕ್ಕೆ ಹೊರಟಿದ್ದೆವು. ನೆವಾರ್ಕ್ ಏರ್‌ಪೋರ್ಟು. ಕೌಂಟರಿನ ಹುಡುಗಿ ಮೂರು ಪಾಸ್‌ಪೋರ್ಟು ನೋಡಿ, ‘ವೀಸಾ?’ ಅಂದಳು. ‘ನಮಗೆಲ್ಲ ಜೀವನಪೂರ್ತಿ ವೀಸಾ ಇದೆಯಮ್ಮ’ ಅನ್ನೋ ಗತ್ತಿನಲ್ಲಿ ಇನ್ನೂ ಮೂರು ಪುಸ್ತಕ ಮುಂದಿಟ್ಟೆ. ಹೆಂಡತಿಯದು ಸರಿ. ಮಗಳದು ಸರಿ. ನನ್ನದನ್ನು ಮಾತ್ರ ಆಕೆ ತಿರುಗಿಸಿ ಮುರುಗಿಸಿ ನೋಡಿ, ಕತ್ತರಿಸಿದ ಮೂಲೆಯ ಮೇಲೆ ಬೆರಳಿಟ್ಟಳು.

‘ಸರ್, ಇದು ರದ್ದಾದ ಪಾಸ್‌ಪೋರ್ಟ್.’

ಬಗ್ಗಿ ನೋಡಿದರೆ ಒಳಗಿದ್ದವನು 2008ರ ನಾನು. ಮೀಸೆ ಇದೆ, ತಲೆ ತುಂಬ ಕೂದಲಿದೆ, ಮುಖದ ಮೇಲೆ ‘ಕ್ಯಾನ್ಸಲ್ಡ್’ ಅನ್ನುವ ಠಸ್ಸೆಯೂ ಇದೆ.

ಹೆಂಡತಿ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಭಯ. ಮಗಳು ಮೊಬೈಲ್ ತೆಗೆದು, ‘ಅಪ್ಪಾ, ಇ-ವೀಸಾ ಮಾಡಿಸೋಣ್ವಾ?’ ಅಂದಳು. ಅದಕ್ಕೆ ಅಲ್ಲಿ ತಲುಪುವ ನಾಲ್ಕು ದಿನ ಮೊದಲೇ ಅರ್ಜಿ ಹಾಕಿರಬೇಕು. ನಮ್ಮ ಹತ್ತಿರ ಇದ್ದದ್ದು ಮೂರು ಗಂಟೆ. ಪಕ್ಕದ ಮನೆ ರಾವ್ ಗಾರುಗೆ ಫೋನ್ ಮಾಡಿದೆ. ಪಾಪ, ಮನುಷ್ಯ ನಿದ್ದೆಗಣ್ಣಲ್ಲೇ ನಮ್ಮ ಗ್ಯಾರೇಜಿನ ಕೋಡ್ ಒತ್ತಿ ಒಳಗೆ ಹೋದರು. ಕಾಗದಪತ್ರ ಎಲ್ಲ ಬೆಡ್‌ರೂಮಿನಲ್ಲಿ, ಬಿಸ್ಕೆಟ್ಟಿನ ತಗಡಿನ ಡಬ್ಬಿಯಲ್ಲಿ ಇದೆ ಅಂದೆ. ಅವರು ವಿಡಿಯೊ ಕಾಲ್ ಹಚ್ಚಿ ಡಬ್ಬಿ ತೆಗೆದರು. ಒಳಗೆ ಸೂಜಿ, ದಾರ, ಗುಂಡಿ, ಫಾಲ್ಸ್ ಹೊಲಿಯುವ ಸಾಮಾನು. ‘ಅದಲ್ಲ, ಅದರ ಕೆಳಗಿನ ಡಬ್ಬಿ’ ಅಂತ ಹೆಂಡತಿ ಹಲ್ಲು ಕಚ್ಚಿಕೊಂಡು ಹೇಳಿದಳು. ಎರಡನೇ ಡಬ್ಬಿಯಿಂದ ಅವರು ಒಂದೊಂದೇ ನೀಲಿ ಪುಸ್ತಕ ಎತ್ತಿ ಕ್ಯಾಮೆರಾ ಮುಂದೆ ಹಿಡಿಯುತ್ತಾ ‘ಇದೇನಾ? ಇದೇನಾ?’ ಅಂದರು. ಮದುವೆಗೆ ಸೀರೆ ಆರಿಸುವ ಹಾಗೆ ನಾವು ಮೂವರೂ ‘ಅದಲ್ಲ, ಅದಲ್ಲ’ ಅಂತಿದ್ದೆವು.

ಅವರು ಬಂದು ಸೇರಲು ಮುಕ್ಕಾಲು ಗಂಟೆ. ಸೂಟ್‌ಕೇಸಿನ ಮೇಲೆ ಕೂತು ಯೋಚಿಸಲು ಬೇಕಾದಷ್ಟು ಸಮಯ.

ಆ ಪುಸ್ತಕಕ್ಕಾಗಿ 2012ರಲ್ಲಿ ಪಟ್ಟ ಪಾಡು ನೆನಪಾಯಿತು. ನಮ್ಮ ಸಂವಿಧಾನದ ಪ್ರಕಾರ ಎರಡು ದೇಶದ ಪೌರತ್ವ ಒಟ್ಟಿಗೆ ಇರುವಂತಿಲ್ಲ. ಹಾಗಾಗಿ ಮೊದಲು ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಸರ್ಟಿಫಿಕೇಟು ಪಡೆಯಬೇಕು. ಆಮೇಲೆ ‘ಭಾರತದ ಸಾಗರೋತ್ತರ ಪ್ರಜೆ’, ಅಂದರೆ ಒಸಿಐ, ಅಂತ ಅರ್ಜಿ ಹಾಕಬೇಕು. ಹೆಸರಲ್ಲಿ ಪ್ರಜೆ ಅಂತ ಇದೆಯೇ ಹೊರತು ಪ್ರಜೆ ಅಲ್ಲ. ವೋಟು ಇಲ್ಲ. ಬೆಂಗಳೂರಿನಲ್ಲಿ ಫ್ಲಾಟ್ ಕೊಳ್ಳಬಹುದು, ತೀರ್ಥಹಳ್ಳಿಯಲ್ಲಿ ಅರ್ಧ ಎಕರೆ ಅಡಿಕೆ ತೋಟ ಕೊಳ್ಳುವಂತಿಲ್ಲ. ಪರ್ವತಾರೋಹಣ ಮಾಡಬೇಕಾದರೂ ವಿಶೇಷ ಅನುಮತಿ ಬೇಕು. ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವ ನನಗೆ ಆ ನಿಯಮದಿಂದ ಅಂಥ ನಷ್ಟವೇನೂ ಆಗಿಲ್ಲ. ತೋಟದ್ದು ಮಾತ್ರ ಹೊಟ್ಟೆ ಉರಿಯುತ್ತೆ.

ಅರ್ಜಿಯಲ್ಲಿ ನನ್ನನ್ನು ನಿಜಕ್ಕೂ ಸುಸ್ತು ಮಾಡಿದ್ದು ಹೆಸರಿನ ಕಾಲಂ. ಊರಲ್ಲಿ ನಾನು ಹೆಚ್.ಆರ್. ಸತೀಶ. ಹೆಚ್ ಅಂದರೆ ಊರು ಹೊಸಕೊಪ್ಪ, ಆರ್ ಅಂದರೆ ಅಪ್ಪ ರಾಮಯ್ಯ. ನಮ್ಮ ಕಡೆ ಇಷ್ಟೇ. ಮೊದಲ ಪಾಸ್‌ಪೋರ್ಟು ಮಾಡಿಸುವಾಗ ಸರ್‌ನೇಮ್ ಏನು ಅಂತ ಏಜೆಂಟ್ ಕೇಳಿದ. ‘ಅದು ಇಲ್ಲ’ ಅಂದೆ. ‘ಅಪ್ಪನ ಹೆಸರು ಹಾಕಿ ಸಾರ್, ಎಲ್ರೂ ಅದನ್ನೇ ಹಾಕೋದು’ ಅಂದ. ಅವತ್ತಿನಿಂದ ನಾನು ಮಿಸ್ಟರ್ ರಾಮಯ್ಯ. ನಮ್ಮಪ್ಪ ಶಿವಮೊಗ್ಗ ದಾಟಿ ಹೋದದ್ದೇ ಎರಡು ಮೂರು ಸಲ. ಅವರ ಹೆಸರನ್ನು ಮಾತ್ರ ಫ್ರಾಂಕ್‌ಫರ್ಟ್, ದೋಹಾ, ದುಬೈಗಳಲ್ಲೆಲ್ಲ ಮೈಕಿನಲ್ಲಿ ಕೂಗಿದ್ದಾರೆ. ನನ್ನ ಹೆಂಡತಿ ಇಲ್ಲಿ ಮಿಸೆಸ್ ರಾಮಯ್ಯ. ಅಂದರೆ ಲೆಕ್ಕಪ್ರಕಾರ ಅವಳು ನಮ್ಮಮ್ಮ. ಈ ಮಾತು ಇಬ್ಬರಿಗೂ ಇಷ್ಟವಾಗಿಲ್ಲ.

ನನ್ನ ಹಳೇ ರೂಮ್‌ಮೇಟ್ ಗತಿ ಇನ್ನೂ ಕಷ್ಟ. ಅವನ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಒಂದೇ ಹೆಸರು. ಅಮೆರಿಕದ ವೀಸಾದಲ್ಲಿ ಅದನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಹಾಕಿದರು. ಫಸ್ಟ್ ನೇಮ್ ಅನ್‌ನೋನ್, ಗೊತ್ತಿಲ್ಲ ಅಂತ. ಆಫೀಸಿನವರು ಅದೇ ಹೆಸರು ಅಂದುಕೊಂಡು ಎರಡು ವರ್ಷ ಅವನನ್ನು ‘ಫನೂ’ ಅಂತ ಕರೆದರು. ಅವನೂ ತಿರುಗಿ ನೋಡುವುದು ಕಲಿತ.

ನಾನು ಇನ್ನೊಂದು ಬುದ್ಧಿವಂತಿಕೆ ಮಾಡಿದ್ದೆ. ಇಲ್ಲಿ ಪೌರತ್ವ ಪಡೆಯುವಾಗ ಹೆಸರು ಬದಲಿಸಿಕೊಳ್ಳಲು ಅವಕಾಶ ಇದೆ. ಊರಿನ ಮೇಲಿನ ಪ್ರೀತಿಗೆ ನಡುವೆ ಹೊಸಕೊಪ್ಪ ಸೇರಿಸಿದೆ. ಪರಿಣಾಮ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಚ್.ಆರ್. ಸತೀಶ, ಭಾರತದ ಪಾಸ್‌ಪೋರ್ಟಿನ ಸತೀಶ ರಾಮಯ್ಯ, ಅಮೆರಿಕದ ಸತೀಶ ಹೊಸಕೊಪ್ಪ ರಾಮಯ್ಯ ಈ ಮೂವರೂ ಒಬ್ಬನೇ ಅಂತ ನೋಟರಿ ಮುಂದೆ ಪ್ರಮಾಣ ಮಾಡಬೇಕಾಯಿತು. ಮೂರು ಮುಖದ ದತ್ತಾತ್ರೇಯನಿಗೂ ಯಾರೂ ಅಫಿಡವಿಟ್ ಕೇಳಿರಲಿಕ್ಕಿಲ್ಲ.

ಮೈಮೇಲಿನ ಗುರುತು ಬರೆಯಿರಿ ಅಂತ ಒಂದು ಕಾಲಂ. ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರು ಎಡಗೈ ಹಿಡಿದು ಹುಡುಕಿ ಬರೆದಿದ್ದ ಮಚ್ಚೆಯನ್ನೇ ಬರೆದೆ. ಅದು ಈಗ ಬಿಸಿಲಿನ ಕಲೆಗಳ ನಡುವೆ ಎಲ್ಲಿದೆಯೋ! ಫೋಟೊ ಎರಡಿಂಚು ಉದ್ದ, ಎರಡಿಂಚು ಅಗಲ. ಸಹಿ ಮಾತ್ರ ಅಡ್ಡಕ್ಕೆ ಮೂರು ಪಾಲು, ಉದ್ದಕ್ಕೆ ಒಂದು ಪಾಲು. ನನ್ನ ಸಹಿ ಮೇಲಕ್ಕೆ ಹೋಗುತ್ತೆ, ಪಕ್ಕಕ್ಕಲ್ಲ. ಇಪ್ಪತ್ತು ಸಲ ಹಾಕಿದ ಮೇಲೆ ಕಂಪ್ಯೂಟರಿಗೆ ಒಪ್ಪಿಗೆಯಾಯಿತು, ಬ್ಯಾಂಕಿಗೆ ಒಪ್ಪಿಗೆಯಾಗದಷ್ಟು ಬೇರೆಯಾಗಿ. ಫೀಸು 275 ಡಾಲರ್. ‘ತವರಿಗೆ ಹೋಗೋಕೆ ಟಿಕೆಟ್ ದುಡ್ಡೂ ನಾವೇ ಕೊಡ್ಬೇಕು, ಗೇಟಿನ ದುಡ್ಡೂ ನಾವೇ ಕೊಡ್ಬೇಕು’ ಅಂತ ಹೆಂಡತಿ ಗೊಣಗಿದ್ದಳು.

ಮಗಳದ್ದು ಅದಕ್ಕೂ ಮೊದಲೇ ಆಗಿತ್ತು, ಕೂಸಿದ್ದಾಗ. ಸಹಿ ಬಾರದ ಮಕ್ಕಳು ಹೆಬ್ಬೆಟ್ಟು ಒತ್ತಬೇಕು. ಇವಳು ಮುಷ್ಟಿ ಬಿಡಲೊಲ್ಲಳು. ಬಿಡಿಸಿ, ಶಾಯಿ ಹಚ್ಚಿ, ಕಾಗದಕ್ಕೆ ಒತ್ತುವಷ್ಟರಲ್ಲಿ ಬೆರಳು ಬಾಯಿಗೆ ಹೋಗಿತ್ತು. ನಮ್ಮ ವಂಶದಲ್ಲಿ ಮುತ್ತಜ್ಜಿಯ ನಂತರ ಹೆಬ್ಬೆಟ್ಟು ಒತ್ತಿದವಳು ಇವಳೇ. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ ಆಯುಷ್ಯ. ಪ್ರತಿ ಸಲ ಹೊಸ ಪಾಸ್‌ಪೋರ್ಟಿಗೂ ಹೊಸ ಒಸಿಐ ಮಾಡಿಸಬೇಕಿತ್ತು. 2021ರಲ್ಲಿ ಅದನ್ನು ಸಡಿಲ ಮಾಡಿದರು. ಈಗ ಆನ್‌ಲೈನಿನಲ್ಲಿ ಹೊಸ ಫೋಟೊ, ಹೊಸ ಪಾಸ್‌ಪೋರ್ಟಿನ ಪ್ರತಿ ಹಾಕಿದರೆ ಆಯಿತು. ಐವತ್ತು ದಾಟಿದವರು ಒಂದೇ ಸಲ ಹಾಕಿದರೆ ಸಾಕು. ಇನ್ನು ಈ ಮುಖ ಸುಧಾರಿಸುವ ಪೈಕಿ ಅಲ್ಲ ಅಂತ ಸರ್ಕಾರಕ್ಕೂ ಖಾತ್ರಿಯಾಗಿರಬೇಕು.

ಮುಂಚೆ ಪಿಐಒ ಕಾರ್ಡ್, ಅಂದರೆ ‘ಭಾರತ ಮೂಲದವರು’ ಅನ್ನುವ ಕಾರ್ಡು, ಅಂತ ಇನ್ನೊಂದಿತ್ತು. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ನಮ್ಮ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಪ್ರತಿ ವರ್ಷ ಯಾರಾದರೂ ಕೇಳುತ್ತಿದ್ದರು. ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. 2015ರ ಜನವರಿ 9ರಂದು ಎರಡನ್ನೂ ಒಂದು ಮಾಡಿ ಆ ಚರ್ಚೆ ನಿಲ್ಲಿಸಿದರು. ನೂರು ವರ್ಷ ಹಿಂದೆ, 1915ರಲ್ಲಿ, ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ ಲಂಡನ್ ಮೂಲಕ ಮುಂಬೈಗೆ ಬಂದಿಳಿದದ್ದು ಅದೇ ದಿನ. ಅವರ ಕೈಯಲ್ಲಿ ಯಾವ ಕಾರ್ಡೂ ಇರಲಿಲ್ಲ.

ರಾವ್ ಗಾರು ಲುಂಗಿಯ ಮೇಲೆ ಚಳಿಗಾಲದ ಕೋಟು ಹಾಕಿಕೊಂಡು ಓಡಿ ಬಂದರು. ಹೆಚ್ಚುಕಮ್ಮಿ ಆಗದಿರಲಿ ಅಂತ ಡಬ್ಬಿಯನ್ನೇ ತಂದಿದ್ದರು. ಗಡಿಬಿಡಿಯಲ್ಲಿ ಸೂಜಿ ದಾರದ ಡಬ್ಬಿಯೂ ಬಂದಿತ್ತು. ಕೌಂಟರ್ ಮುಚ್ಚಲು ಹತ್ತು ನಿಮಿಷ ಇರುವಾಗ ಬೋರ್ಡಿಂಗ್ ಪಾಸ್ ಕೈಗೆ ಬಂತು. ಅವರಿಗೆ ವಾಪಸು ಬರುವಾಗ ಒಂದು ಕೆಜಿ ತೀರ್ಥಹಳ್ಳಿ ಅಪ್ಪೆಮಿಡಿ ಉಪ್ಪಿನಕಾಯಿ ತಂದೆ. ಆ ಋಣ ಅಷ್ಟಕ್ಕೆ ತೀರುವುದಲ್ಲ ಬಿಡಿ.

ಮದುವೆ ಚೆನ್ನಾಗಿ ಆಯಿತು. ಆಮೇಲೆ ಮಗಳಿಗೆ ಹಂಪಿ ತೋರಿಸಲು ಹೋದೆವು. ವಿಠ್ಠಲ ದೇವಸ್ಥಾನದ ಟಿಕೆಟ್ಟು ಭಾರತದವರಿಗೆ 40 ರೂಪಾಯಿ, ವಿದೇಶಿಯರಿಗೆ 600. ಒಸಿಐ ಇದ್ದವರಿಗೂ 40 ರೂಪಾಯಿಯೇ. 2021ರ ಅಧಿಸೂಚನೆಯಲ್ಲೇ ಸ್ಮಾರಕಗಳ ಪ್ರವೇಶ ದರ ಭಾರತೀಯರಷ್ಟೇ ಅಂತ ಸ್ಪಷ್ಟವಾಗಿ ಇದೆ. ನಾನು ಮೂರು ಟಿಕೆಟ್ ಕೇಳುವ ಹೊತ್ತಿಗೆ ಸರಿಯಾಗಿ ಮಗಳು ಹಿಂದಿನಿಂದ ತನ್ನ ಅಮೆರಿಕನ್ ಇಂಗ್ಲಿಷಿನಲ್ಲಿ ಏನೋ ಅಂದಳು. ಕಿಟಕಿಯೊಳಗಿನವರು ತಲೆ ಎತ್ತಿದರು.

‘ಫಾರಿನ್‌ನವ್ರಾ ಸಾರ್? ಏನಾರ ಪ್ರೂಫ್ ಐತೇನ್ರಿ?’

‘ಇದೆ ಇದೆ, ಒಸಿಐ’ ಅಂತ ಗತ್ತಿನಿಂದಲೇ ಬ್ಯಾಗಿಗೆ ಕೈ ಹಾಕಿ, ಸಿಂಹ ಇದ್ದ ಪುಸ್ತಕ ತೆಗೆದು ಕಿಟಕಿಯೊಳಗೆ ತಳ್ಳಿದೆ. ತಳ್ಳಿದ ಮೇಲೆ ಕಂಡಿತು, ಕತ್ತರಿಸಿದ ಮೂಲೆ. ಹೆಂಡತಿಗೂ ಕಂಡಿತು.

ಅವರು ಮೀಸೆ ಇದ್ದ ಫೋಟೊ ನೋಡಿದರು, ನನ್ನನ್ನು ನೋಡಿದರು, ಇನ್ನೊಮ್ಮೆ ಫೋಟೊ ನೋಡಿದರು.

‘ನಮ್ಮೋರೇ ಅದೀರಲ್ರಿ’ ಅಂತ ಮೂರು ಟಿಕೆಟ್ ಹರಿದರು. ‘ನೂರಿಪ್ಪತ್ತು ಕೊಡ್ರಿ. ಚಿಲ್ರೆ ಇಲ್ಲ ಮತ್ತ.’